ಮಗಳಿಗೆ ಮೈಸೂರಲ್ಲಿ ಸೀಟು ಸಿಕ್ಕಿದೆ, ಮನೇಲಿ ಮಾತು ನಿಂತೋಗಿದೆ

ಪ್ರಶ್ನೆ: ಸರ್, ನಮ್ಮದು ರಾಣೆಬೆನ್ನೂರು. ನಮ್ಮ ಮನೆಯವರದ್ದು ಬೀಜ ಗೊಬ್ಬರದ ಅಂಗಡಿ. ಮಗಳಿಗೆ 18 ತುಂಬಿದೆ, ಸಿಇಟಿ ಮೊದಲ ರೌಂಡಲ್ಲಿ ಮೈಸೂರಿನ ಒಂದು ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಬಂದಿದೆ. ಅವರಪ್ಪ ಬೇಡವೇ ಬೇಡ ಅಂತಿದಾರೆ. ದಾವಣಗೆರೆಗೆ ಅಪ್ ಅಂಡ್ ಡೌನ್ ಮಾಡ್ಕೊಂಡು ಓದ್ಲಿ, ಇಲ್ಲಾಂದ್ರೆ ಇಲ್ಲೇ ಬಿಎಸ್ಸಿ ಸೇರ್ಲಿ ಅಂತಾರೆ. ಮಗ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದಾನೆ, ಬ್ಯಾಕ್‌ಲಾಗ್ ಉಳ್ಕೊಂಡಿದೆ, ಅದಕ್ಕೆ "ಒಬ್ಬನ್ನ ಕಳಿಸಿ ನೋಡಿದ್ದು ಸಾಕು" ಅಂತಾರೆ. ಮಗಳು ಅಪ್ಪನ ಹತ್ರ ಮಾತು ಬಿಟ್ಟಿದಾಳೆ, ಊಟಕ್ಕೂ ಜೊತೆಗೆ ಕೂರಲ್ಲ. ಏನಿದ್ರೂ ನನ್ನ ಮೂಲಕವೇ ಹೇಳಿಸ್ತಾರೆ ಇಬ್ಬರೂ. ಅತ್ತೆ ಬೇರೆ ಹೆಣ್ಣುಮಗು ಅಷ್ಟು ದೂರ ಯಾಕೆ ಅಂತ ದಿನಾ ಶುರು ಮಾಡ್ತಾರೆ. ಆಪ್ಷನ್ ಎಂಟ್ರಿ ಮಾಡುವಾಗ, ಅಂದ್ರೆ ಬೇಕಾದ ಕಾಲೇಜುಗಳ ಲಿಸ್ಟ್ ಕೊಡುವಾಗ, ದಾವಣಗೆರೆಗಿಂತ ಮೇಲೆ ಮೈಸೂರು ಹಾಕಿದ್ದು ನನಗೂ ಮಗನಿಗೂ ಗೊತ್ತಿತ್ತು, ಇವರಿಗೆ ಹೇಳಿರಲಿಲ್ಲ. ನನ್ನ ಬಳೆ ಅಡ ಇಟ್ಟು ಸುಮ್ಮನೆ ಫೀಸ್ ಕಟ್ಟಿಬಿಡ್ಲಾ ಅನ್ಸತ್ತೆ. ಚಾಯ್ಸ್ ಕೊಡೋಕೆ ಕೆಲವೇ ದಿನ ಉಳಿದಿದೆ. ಏನ್ ಮಾಡ್ಲಿ?

ಉತ್ತರ: ಮೇಡಂ, ಮೊದಲು ಬಳೆ ವಿಷಯ. ಬೇಡ. ಬಳೆ ನಿಮ್ಮದೇ, ಅಡ ಇಡೋ ಹಕ್ಕೂ ನಿಮಗಿದೆ, ಅದ್ರಲ್ಲಿ ನನ್ನ ತಕರಾರಿಲ್ಲ, ಆದ್ರೆ "ಸುಮ್ಮನೆ" ಅನ್ನೋ ಒಂದು ಮಾತು ಸೇರಿಸಿದೀರಲ್ಲ, ಅಲ್ಲೇ ಎಡವಟ್ಟಿರೋದು. ನಿಮ್ಮ ಪತ್ರದಲ್ಲಿ ಮಗಳ ಸೀಟು, ಮಗನ ಬ್ಯಾಕ್‌ಲಾಗ್, ಅತ್ತೆಯ ಮಾತು ಎಲ್ಲಾ ಬರ್ದು ಕೊನೇಲಿ ಏನೋ ಮರೆತಿದ್ದು ನೆನಪಾದ ಹಾಗೆ ಒಂದು ಸಾಲು ಹಾಕಿದೀರಿ, ಆಪ್ಷನ್ ಎಂಟ್ರಿ ವಿಷಯ ಇವರಿಗೆ ಹೇಳಿರಲಿಲ್ಲ ಅಂತ. ನನ್ನ ಪ್ರಕಾರ ನಿಮ್ಮನೆ ಜಗಳದ ಗಂಟು ಇರೋದೇ ಅಲ್ಲಿ, ಮೈಸೂರಲ್ಲಿ ಅಲ್ಲ.

ಅವರ ಕಡೆಯಿಂದ ಒಂದ್ಸಲ ನೋಡಿ. ಮಗಳು ಪಿಯುಸಿ ಮುಗಿಸಿದ್ಲು, ಸಿಇಟಿ ಬರೆದ್ಲು, ರ‍್ಯಾಂಕ್ ಬಂತು, ಪಾಪ ಅಂಗಡೀಲಿ ಬಂದೋರಿಗೆಲ್ಲ ಹೇಳ್ಕೊಂಡಿರ್ತಾರೆ, ದಾವಣಗೆರೇಲೇ ಸೀಟಾಗತ್ತೆ ಅಂತ. ಆಮೇಲೆ ಒಂದಿನ ಸಂಜೆ ಮೊಬೈಲಲ್ಲಿ ಅಲಾಟ್‌ಮೆಂಟ್ ಬಂತು, ನೋಡಿದ್ರೆ ಮೈಸೂರು. ಕೇಳಿದ್ರೆ ಹೆಂಡತಿಗೆ ಗೊತ್ತು, ಮಗನಿಗೆ ಗೊತ್ತು, ಬಹುಶಃ ಮಗಳ ಫ್ರೆಂಡ್ಸ್‌ಗೂ ಗೊತ್ತು. ಮನೇಲಿ ಕೊನೆಗೆ ಗೊತ್ತಾಗಿದ್ದು ಫೀಸ್ ಕಟ್ಟಬೇಕಾದ ಮನುಷ್ಯನಿಗೆ. ಇದಾದ್ಮೇಲೆ ನೀವು ಹಾಸ್ಟೆಲ್ ಎಷ್ಟು ಸೇಫ್, ಪ್ಲೇಸ್‌ಮೆಂಟ್ ಎಷ್ಟು ಚೆನ್ನಾಗಿದೆ ಅಂತ ಏನೇ ತೋರಿಸಿದ್ರೂ ಅವರಿಗೆ ಅದು ಕೇಳ್ಸಲ್ಲ. ಅವರು ವಾದ ಮಾಡ್ತಿರೋದು ಹಾಸ್ಟೆಲ್ ಬಗ್ಗೆ ಅಂತ ನಿಮಗನಿಸ್ತಿದೆ, ಒಳಗೆ ಕುದೀತಿರೋದು ಬೇರೆ. ಹಾಗಂತ ಅವರು ಮಾಡ್ತಿರೋದು ಸರಿ ಅಂತ ನಾನು ಹೇಳ್ತಿಲ್ಲ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಹೇಳಿದ್ರೆ ಆಪ್ಷನ್ ಎಂಟ್ರೀನೇ ಮಾಡೋಕೆ ಬಿಡ್ತಿರಲಿಲ್ಲ ಅನ್ನೋ ಹೆದರಿಕೆಯಿಂದಲೇ ನೀವು ಹೇಳಿಲ್ಲ ಅಂತಾನೂ ಅರ್ಥ ಆಗತ್ತೆ. ಆ ಹೆದರಿಕೆ ಸುಳ್ಳೂ ಅಲ್ಲ ಇರಬಹುದು. ಆದ್ರೆ ಮುಚ್ಚಿಟ್ಟಿದ್ದು ಮುಚ್ಚಿಟ್ಟಿದ್ದೇ.

ಹಾಗಾಗಿ ಇವತ್ತು ರಾತ್ರಿ ಅಂಗಡಿ ಬಾಗಿಲು ಹಾಕಿ ಅವರು ಬಂದ್ಮೇಲೆ, ಮಗಳೂ ಇಲ್ದೆ ಅತ್ತೇನೂ ಇಲ್ದೆ, ಇಬ್ಬರೇ ಕೂತ್ಕೊಂಡು ಇಷ್ಟು ಹೇಳಿ: ಆಪ್ಷನ್ ಎಂಟ್ರಿ ವಿಷಯ ನನಗೆ ಗೊತ್ತಿತ್ತು, ನಿಮಗೆ ಹೇಳಬೇಕಿತ್ತು, ನೀವು ಬೇಡ ಅಂತೀರಿ ಅನ್ನೋ ಭಯಕ್ಕೆ ಹೇಳ್ಲಿಲ್ಲ, ತಪ್ಪಾಯ್ತು. ಅಷ್ಟೇ, ಅಲ್ಲಿಗೆ ನಿಲ್ಲಿಸಿ. ಅದರ ಹಿಂದೇನೇ "ಆದ್ರೂ ಮಗಳ ಭವಿಷ್ಯ ನೋಡಿ" ಅಂತ ಶುರು ಮಾಡಬೇಡಿ, ಹಾಗ್ ಮಾಡಿದ್ರೆ ಆ ಕ್ಷಮೆ ಸೀಟಿಗೆ ಕೊಟ್ಟ ಲಂಚದ ಥರ ಕಾಣತ್ತೆ. ಅವರು ಕೂಗಾಡಬಹುದು, ಎದ್ದು ಹೊರಗೆ ಹೋಗಬಹುದು, ಹೋಗ್ಲಿ ಬಿಡಿ. ಮಾರನೇ ದಿನ ಮಾತಾಡಿ. ದಿನ ಕಮ್ಮಿ ಇದೆ ನಿಜ, ಆದ್ರೂ ಈ ಒಂದು ರಾತ್ರಿ ಖರ್ಚು ಮಾಡದೇ ಇದ್ರೆ ಉಳಿದ ದಿನ ಎಲ್ಲಾ ಕೂಗಾಟದಲ್ಲೇ ಹೋಗತ್ತೆ.

ಎರಡನೇದು, ಅಪ್ಪ ಮಗಳ ಮಧ್ಯೆ ಮಾತು ಸಾಗಿಸೋ ಕೆಲಸ ಇವತ್ತಿಂದ ನಿಲ್ಸಿ. "ಅಪ್ಪಂಗೆ ಹೇಳಮ್ಮ ನಾನು ಬಿಎಸ್ಸಿ ಮಾಡಲ್ಲ ಅಂತ", "ನಿನ್ನ ಮಗಳಿಗೆ ಹೇಳು ಈ ಮನೇಲಿ ನಾನಿನ್ನೂ ಬದುಕಿದೀನಿ ಅಂತ", ಹೀಗೆಲ್ಲಾ ಇಬ್ಬರೂ ಮಾತಾಡ್ತಿರ್ತಾರೆ ಅನ್ನೋದು ನೀವು ಬರೀದೇ ಇದ್ರೂ ಗೊತ್ತಾಗತ್ತೆ. ಮರ್ರೆ ಬೋವೆನ್ ಅಂತ ಅಮೆರಿಕಾದ ಒಬ್ಬ ಮನೋವೈದ್ಯ ಇದ್ದ, ಕುಟುಂಬಗಳನ್ನ ಇಟ್ಕೊಂಡೇ ಜಾಸ್ತಿ ಕೆಲಸ ಮಾಡಿದೋನು, ಇಬ್ಬರ ನಡುವಿನ ಬಿಸಿ ತಡ್ಕೊಳಕ್ಕಾಗದೇ ಇದ್ದಾಗ ಮೂರನೆಯವರನ್ನ ಎಳ್ಕೋತಾರೆ, ಅದೊಂದು ತ್ರಿಕೋನ ಆಗತ್ತೆ ಅಂತ ಅವನು ಹೇಳಿದ. ನಿಮ್ಮನೇಲಿ ಆ ಮೂರನೇ ಮೂಲೆ ನೀವು. ನೀವು ಮಾತು ಸಾಗಿಸ್ತಿರೋವರೆಗೂ ಅವರಿಬ್ಬರಿಗೆ ಎದುರುಬದುರು ಕೂರೋ ಅವಶ್ಯಕತೆಯೇ ಬರಲ್ಲ, ಮೇಲಾಗಿ ಸಾಗಿಸುವಾಗ ನೀವೂ ಸ್ವಲ್ಪ ಮೆತ್ತಗೆ ಮಾಡಿ ಸಾಗಿಸ್ತೀರಿ, ಆಗ ಇಬ್ಬರಿಗೂ ಎದುರಿನವರು ನಿಜವಾಗಿ ಏನಂದ್ರು ಅಂತಾನೇ ಗೊತ್ತಾಗಲ್ಲ. "ನೀನೇ ಹೋಗಿ ಹೇಳು, ನಾನು ಪಕ್ಕದಲ್ಲೇ ಇರ್ತೀನಿ" ಅನ್ನಿ ಸಾಕು. ಮೊದಲನೇ ಒಂದೆರಡು ದಿನ ಮನೇಲಿ ಮೌನ ಇನ್ನೂ ಜಾಸ್ತಿ ಆಗತ್ತೆ, ಅದು ಮಾಮೂಲು.

ಈಗ ದುಡ್ಡು. ನಿಮ್ಮ ಪತ್ರದಲ್ಲಿ ಬಳೆ ಬಿಟ್ರೆ ದುಡ್ಡಿನ ಮಾತೇ ಇಲ್ಲ, ಮನೆಯವರೂ ಆಡಿಲ್ಲ ಅನ್ಸತ್ತೆ. ಬೀಜ ಗೊಬ್ಬರದ ಅಂಗಡಿ ಅಂದ್ರೆ ಮುಂಗಾರು ಶುರುವಾದ ಮೇಲೆ ಕೈಯಲ್ಲಿರೋದೆಲ್ಲಾ ಉದ್ರಿ ಪುಸ್ತಕದಲ್ಲಿರತ್ತೆ. ರೈತರು ಗೋವಿನಜೋಳ ಹತ್ತಿ ಮಾರಿದ ಮೇಲೇನೇ ದುಡ್ಡು ವಾಪಸ್ ಬರೋದು, ಅಲ್ಲೀತನಕ ಕಂಪನಿಯವರಿಗೆ ಡಿಸ್ಟ್ರಿಬ್ಯೂಟರಿಗೆ ಇವರೇ ಕಟ್ಟಬೇಕು. ಸಿಇಟಿ ಅಡ್ಮಿಷನ್ ಬರೋದೂ ಸರಿಯಾಗಿ ಅದೇ ಟೈಮಿಗೆ. ಅದರ ಮೇಲೆ ಮಗನ ಬೆಂಗಳೂರಿನ ರೂಮು ಮೆಸ್ಸು, ಜೊತೆಗೆ ಲೋನ್ ಏನಾದ್ರೂ ಇದೆಯೋ ನಿಮಗೆ ಗೊತ್ತಿದೆಯಾ? ನಾನು ಈ ಥರದ ಅಪ್ಪಂದಿರ ಜೊತೆ ಸಾಕಷ್ಟು ಕೂತಿದೀನಿ, ಕಾಲ ಸರಿಯಿಲ್ಲ, ಊರು ಸರಿಯಿಲ್ಲ, ಹೆಣ್ಣುಮಗು ಅಂತ ಅರ್ಧ ಗಂಟೆ ಮಾತಾಡಿ ಕೊನೆಗೆ ಹೆಂಡತಿ ಎದ್ದು ಹೊರಗೆ ಹೋದ್ಮೇಲೆ ಬಾಯಿ ಬಿಡೋದು ಸಾಲದ ವಿಷಯ. ಮಗಳ ಮುಂದೆ ನನ್ನ ಹತ್ರ ಈಗ ದುಡ್ಡಿಲ್ಲ ಅನ್ನೋದಕ್ಕಿಂತ ಮೈಸೂರು ದೂರ ಅನ್ನೋದು ಸುಲಭ ನೋಡಿ. ನಿಮ್ಮನೇಲಿ ಹಾಗೇ ಇದೆ ಅಂತ ಗ್ಯಾರಂಟಿ ಕೊಡಲ್ಲ, ಆದ್ರೆ ಕೇಳಿ ನೋಡಿ. ಕೇಳುವಾಗ "ದುಡ್ಡಿನ ತೊಂದ್ರೆನಾ" ಅಂತ ಕೇಳಬೇಡಿ, ಇಲ್ಲ ಅಂದ್ಬಿಡ್ತಾರೆ. ಈ ವರ್ಷ ಉದ್ರಿ ಎಷ್ಟು ಹೊರಗಿದೆ, ಮಗನ ಲೆಕ್ಕ ಎಷ್ಟಾಗಿದೆ ಅಂತ ಕೇಳಿ.

ದುಡ್ಡೇ ಕಾರಣ ಆಗಿದ್ರೆ ಅದು ಒಳ್ಳೇ ಸುದ್ದಿ ಅಂತ್ಲೇ ತಿಳ್ಕೊಳ್ಳಿ, ಯಾಕಂದ್ರೆ ಅದಕ್ಕೆ ದಾರಿಗಳಿವೆ. ಸಿಇಟಿ ಸರ್ಕಾರಿ ಕೋಟಾ ಸೀಟು ಅಂದ್ರೆ ಫೀಸ್ ಎಷ್ಟು ಅಂತ ಅಲಾಟ್‌ಮೆಂಟಲ್ಲೇ ಬಂದಿರತ್ತೆ, ಮೊದಲು ಅದನ್ನ ನೋಡಿ ಬರ್ಕೊಳ್ಳಿ. ಎಜುಕೇಷನ್ ಲೋನು 7.5 ಲಕ್ಷದವರೆಗೆ ಆಸ್ತಿ ಅಡ ಇಲ್ದೇ ಕೊಡೋ ಹಾಗೆ ಕೇಂದ್ರ ಸರ್ಕಾರದ ಗ್ಯಾರಂಟಿ ಸ್ಕೀಮ್ ಇದೆ, ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟೋ ಹಾಗಿರಲ್ಲ. ಆದ್ರೆ ಅಪ್ಪ ಅಥವಾ ಅಮ್ಮ ಜೊತೆಗೆ ಸಹಿ ಹಾಕಲೇಬೇಕು, ಬ್ಯಾಂಕಿನವರು ಅದನ್ನ ಬಿಡಲ್ಲ. ಹಿಂದುಳಿದ ವರ್ಗದವರಾಗಿದ್ದು ಸರ್ಕಾರಿ ಹಾಸ್ಟೆಲ್ ಸಿಗದೇ ಇದ್ರೆ ವಿದ್ಯಾಸಿರಿ ಅಂತ ಊಟ ವಸತಿಗೆ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ದುಡ್ಡು ಬರತ್ತೆ, ಎಸ್ಎಸ್‌ಪಿ ಅನ್ನೋ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲಲ್ಲಿ ಅರ್ಜಿ ಹಾಕಬೇಕು. ಪಿಜಿ ಬಾಡಿಗೆಗೆ ಅದು ಸಾಲಲ್ಲ, ಆದ್ರೆ ಅಷ್ಟಾದ್ರೂ ಬಿಡಬೇಡಿ. ಜಾತಿ ಆದಾಯ ಸರ್ಟಿಫಿಕೇಟ್ ಹಳೇದಾಗಿದ್ರೆ ನಾಡಕಚೇರಿಗೆ ಈಗಲೇ ಹಾಕಿ.

ಇನ್ನೊಂದು ವಿಷಯ ನಿಮ್ಮ ಮನೆಯವರಿಗೆ ಬಹುಶಃ ಗೊತ್ತಿಲ್ಲ, ಸೀಟ್ ಅಲಾಟ್‌ಮೆಂಟ್ ಹೆಂಗೆ ನಡೆಯತ್ತೆ ಅನ್ನೋದು. ಮೈಸೂರು ಬಿಟ್ಟು ದಾವಣಗೆರೆ ತಗೋಳೋಣ ಅಂತ ಅವರು ಹೇಳ್ತಿರೋದು ಅಂಗಡೀಲಿ ಈ ಪ್ಯಾಕೆಟ್ ಬೇಡ ಆ ಪ್ಯಾಕೆಟ್ ಕೊಡಿ ಅಂದಷ್ಟು ಸುಲಭ ಅನ್ಕೊಂಡು. ಹಾಗಿಲ್ಲ. ಸಿಇಟಿ ನಡೆಸೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೊಡೋದು ನಾಲ್ಕು ಚಾಯ್ಸ್. ಒಂದನೇ ಚಾಯ್ಸ್ ಅಂದ್ರೆ ಸಿಕ್ಕ ಸೀಟು ಒಪ್ಕೊಂಡು ಫೀಸ್ ಕಟ್ಟಿ ಕಾಲೇಜಿಗೆ ಸೇರೋದು. ಎರಡನೇದು, ಈ ಸೀಟು ಕೈಯಲ್ಲಿಟ್ಕೊಂಡು ಮುಂದಿನ ರೌಂಡಿಗೆ ಕಾಯೋದು, ಆದ್ರೆ ಆಗ ನೋಡೋದು ಲಿಸ್ಟಲ್ಲಿ ಈ ಸೀಟಿಗಿಂತ ಮೇಲಿರೋ ಆಪ್ಷನ್ ಮಾತ್ರ. ನೀವೇ ಬರೆದಿದೀರಿ ದಾವಣಗೆರೆ ಕೆಳಗಿದೆ ಅಂತ, ಹಾಗಾಗಿ ಎರಡನೇ ಚಾಯ್ಸ್ ಕೊಟ್ರೆ ದಾವಣಗೆರೆ ಬರಲ್ಲ. ಮೂರನೇದು ಈ ಸೀಟು ಬಿಟ್ಟು ಮುಂದಿನ ರೌಂಡಿಗೆ ಹೋಗೋದು, ಆಗ ಕೈ ಖಾಲಿ, ಸಿಕ್ಕಿದ್ರೆ ಸಿಕ್ತು. ನಾಲ್ಕನೇದು ಪೂರ್ತಿ ಹೊರಗೆ. ಏನೂ ಕೊಡದೇ ಡೇಟ್ ಮುಗಿಸಿದ್ರೆ ಅದೂ ಸೀಟು ಕಳ್ಕೊಂಡ ಹಾಗೇನೇ. ಈ ವರ್ಷದ ಸೂಚನೆಗಳನ್ನ ಕೆಇಎ ವೆಬ್‌ಸೈಟಲ್ಲಿ ಒಂದ್ಸಲ ಪೂರ್ತಿ ಓದ್ಕೊಳ್ಳಿ, ಸಣ್ಣಪುಟ್ಟ ಬದಲಾವಣೆ ಪ್ರತಿ ವರ್ಷ ಇರತ್ತೆ. ದಾವಣಗೆರೆ ಏನು ಕಮ್ಮಿ ಕಾಲೇಜಲ್ಲ, ಅಲ್ಲಿನ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು 1951ರದ್ದು, ಅಲ್ಲಿ ಓದಿದೋರು ಎಲ್ಲೆಲ್ಲೋ ಇದಾರೆ, ಅಲ್ಲೇ ಸೀಟು ಬಂದಿದ್ರೆ ನಾನೂ ಸುಮ್ನೆ ಸೇರ್ಸಿ ಅಂತಿದ್ದೆ. ಆದ್ರೆ ಈಗ ಇರೋ ಪ್ರಶ್ನೆ ಮೈಸೂರಾ ದಾವಣಗೆರೆನಾ ಅಂತ ಅಲ್ಲ, ಮೈಸೂರಾ ಇಲ್ಲಾ ಗೊತ್ತಿಲ್ಲದ್ದಾ ಅಂತ. ಇದನ್ನ ನಿಮ್ಮ ಮಗಳೇ ಅಪ್ಪನ ಮುಂದೆ ಕೂತು ಪೇಪರ್ ಮೇಲೆ ಬರ್ದು ತೋರಿಸಲಿ. ಕೋಪದಲ್ಲಲ್ಲ. ಅಂಗಡಿ ಲೆಕ್ಕ ನೋಡೋ ಮನುಷ್ಯನಿಗೆ ಲೆಕ್ಕ ಅರ್ಥ ಆಗತ್ತೆ.

ಮಗನ ವಿಷಯ ಸ್ವಲ್ಪ ಕಟುವಾಗಿ ಹೇಳ್ತೀನಿ. ಅಣ್ಣನ ಬ್ಯಾಕ್‌ಲಾಗಿಗೆ ತಂಗಿ ದಂಡ ಕಟ್ಟೋದು ಅನ್ಯಾಯ, ಇದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಇದನ್ನ ಅಪ್ಪನಿಗೆ ಹೇಳಬೇಕಾದವನು ಮಗ. ಆಪ್ಷನ್ ಎಂಟ್ರಿಗೆ ಸಹಾಯ ಮಾಡೋಕೆ ಧೈರ್ಯ ಇದ್ದ ಹುಡುಗನಿಗೆ ಊರಿಗೆ ಬಂದು "ನಾನು ಓದ್ಲಿಲ್ಲ ಅಪ್ಪಾ, ಅದು ಬೆಂಗಳೂರಿನ ತಪ್ಪಲ್ಲ ನನ್ನ ತಪ್ಪು, ಅವಳು ನನ್ನ ಥರ ಅಲ್ಲ" ಅನ್ನೋಕೂ ಧೈರ್ಯ ಬರಬೇಕು. ಫೋನಲ್ಲಿ ಬೇಡ, ಬಂದೇ ಹೇಳಲಿ. ಯಾವ ಸಬ್ಜೆಕ್ಟ್ ಯಾವಾಗ ಕ್ಲಿಯರ್ ಮಾಡ್ತಾನೆ ಅಂತಾನೂ ಹೇಳಲಿ. ಮಗ ಹೋದಾಗ ಊರು ದೂರ ಅಂತ ಯಾರೂ ಅಂದಿರಲಿಕ್ಕಿಲ್ಲ ಅಲ್ವಾ? ನಮ್ಮಲ್ಲಿ ಗಂಡುಮಕ್ಕಳು ಓದೋಕೆ ಮನೆ ಬಿಡೋದು ಬಹಳ ಹಳೇ ಕಥೆ. ಮಠಗಳ ಉಚಿತ ಪ್ರಸಾದ ನಿಲಯ, ಜಾತಿ ಸಂಘಗಳ ಹಾಸ್ಟೆಲ್, ಇವೆಲ್ಲಾ ಹುಟ್ಟಿದ್ದೇ ಹಳ್ಳಿ ಹುಡುಗರು ಪೇಟೆಗೆ ಬಂದು ಓದ್ಲಿ ಅಂತ. ಅದಕ್ಕೂ ಮುಂಚೆ ವಾರಾನ್ನ ಮಾಡ್ಕೊಂಡು, ಸೋಮವಾರ ಒಬ್ಬರ ಮನೆ ಮಂಗಳವಾರ ಇನ್ನೊಬ್ಬರ ಮನೆ ಉಂಡು ಓದಿದೋರಿದ್ರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಲ್ಲಿ, ಆಗಿಂದ ನಿಮ್ಮ ಸುತ್ತಮುತ್ತಲ ಎಷ್ಟು ಊರುಗಳ ಹುಡುಗರು ಟ್ರಂಕ್ ಹೊತ್ಕೊಂಡು ಅಲ್ಲಿಗೆ ಹೋಗಿಲ್ಲ. ಆಗೆಲ್ಲಾ ಯಾರೂ ಕಾಲ ಕೆಟ್ಟಿದೆ ಅನ್ನಲಿಲ್ಲ. ಹೆಣ್ಣುಮಗಳು ಬ್ಯಾಗ್ ಎತ್ಕೊಂಡಾಗ ಮಾತ್ರ ಕಾಲ ಕೆಡತ್ತೆ. ನಿಮ್ಮ ಅತ್ತೆಯವರಿಗೆ ಇದನ್ನ ಹೇಳೋಕೆ ಹೋಗಬೇಡಿ, ಉಪಯೋಗ ಇಲ್ಲ, ಅವರ ಮಗ, ಅಂದ್ರೆ ನಿಮ್ಮ ಮನೆಯವರು, ಒಪ್ಪಿದ ದಿನ ಅವರೂ ಒಪ್ತಾರೆ.

ಆದ್ರೂ ಸೇಫ್ಟಿ ಅನ್ನೋದನ್ನ ಬರೀ ನೆಪ ಅಂತ ತಳ್ಳಿಹಾಕಬೇಡಿ, ಭಯ ಇರೋದು ಸಹಜ. ಭಯಕ್ಕೆ ಮಾತಿಂದ ಪರಿಹಾರ ಇಲ್ಲ, ಕಣ್ಣಾರೆ ನೋಡಬೇಕು. ನಿಮ್ಮೂರಿನ ಸ್ಟೇಷನ್ನಲ್ಲಿ ರಾತ್ರಿ ಮೈಸೂರು ರೈಲು ಹತ್ತಿದ್ರೆ ಬೆಳಗ್ಗೆ ಮೈಸೂರಲ್ಲಿರ್ತೀರಿ. ಅಪ್ಪ ಮಗಳು ಇಬ್ಬರೇ ಹೋಗ್ಲಿ, ನೀವು ಹೋಗಬೇಡಿ, ನೀವು ಹೋದ್ರೆ ಮತ್ತೆ ನಿಮ್ಮ ಮೂಲಕವೇ ಮಾತು ಶುರುವಾಗತ್ತೆ. ಕಾಲೇಜಿನ ಲೇಡೀಸ್ ಹಾಸ್ಟೆಲ್ ನೋಡಲಿ, ವಾರ್ಡನ್ ಜೊತೆ ಅವರೇ ಮಾತಾಡಲಿ, ಮೆಸ್ಸಲ್ಲಿ ಊಟ ಮಾಡಲಿ, ಗೇಟು ಎಷ್ಟೊತ್ತಿಗೆ ಹಾಕ್ತಾರೆ ಕೇಳಲಿ. ಸಿಇಟಿ ಸೀಟು ಸಿಕ್ತು ಅಂದ್ರೆ ಹಾಸ್ಟೆಲ್ ಸಿಕ್ತು ಅಂತಲ್ಲ, ಅದಕ್ಕೆ ಬೇರೆ ಅರ್ಜಿ, ಬೇಗ ತುಂಬೋಗತ್ತೆ, ಹಾಗಾಗಿ ಹೋದಾಗಲೇ ವಿಚಾರಿಸಿ. ರ‍್ಯಾಗಿಂಗ್ ಬಗ್ಗೆ ಕೇಳಿದ್ರೆ, ಅಡ್ಮಿಷನ್ ಟೈಮಲ್ಲಿ ವಿದ್ಯಾರ್ಥಿಯೂ ಪೋಷಕರೂ ಇಬ್ಬರೂ ಮುಚ್ಚಳಿಕೆ ಕೊಡಬೇಕು, ಯುಜಿಸಿ 2009ರ ನಿಯಮ ಅದು, ಸಹಾಯವಾಣಿ 1800-180-5522 ಯಾವಾಗ ಬೇಕಾದ್ರೂ ಇರತ್ತೆ. ಲೈಂಗಿಕ ಕಿರುಕುಳದ ದೂರು ನೋಡೋಕೆ ಪ್ರತಿ ಕಾಲೇಜಲ್ಲೂ ಒಂದು ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಯಾರಿದಾರೆ ಅಂತ ಆಫೀಸಲ್ಲಿ ಕೇಳಲಿ. ಆ ಪ್ರಶ್ನೆಗೆ ಕಾಲೇಜಿನವರು ತಡಬಡಾಯಿಸಿದ್ರೆ ಅದೂ ಒಂದು ಮಾಹಿತಿಯೇ. ಬರೋದು ಹೋಗೋದರ ಖರ್ಚಿಗೆ ಅಂತೂ ತಲೆಕೆಡಿಸ್ಕೋಬೇಡಿ, 2023ರ ಜೂನಿಂದ ಶಕ್ತಿ ಯೋಜನೇಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಕೆಂಪು ಬಸ್ಸಲ್ಲಿ ಟಿಕೆಟ್ ಫ್ರೀ, ರಾಜಹಂಸ, ಸ್ಲೀಪರ್, ಎಸಿ ಥರದ ಬಸ್ಸಿಗೆ ಇಲ್ಲ.

ಮೊಬೈಲಲ್ಲಿ ಇಪ್ಪತ್ನಾಲ್ಕು ಗಂಟೆ ಲೊಕೇಶನ್ ಹಾಕಿರ್ಬೇಕು, ದಿನಕ್ಕೆ ನಾಲ್ಕು ಸಲ ವಿಡಿಯೋ ಕಾಲ್ ಮಾಡ್ಬೇಕು ಅನ್ನೋ ಥರದ ಷರತ್ತು ಅವರಿಂದ ಬರಬಹುದು. ಹೇಗಾದ್ರೂ ಒಪ್ಪಿಸಿದ್ರೆ ಸಾಕು ಅಂತ ನಿಮ್ಮ ಮಗಳು ಈಗ ಎಲ್ಲದಕ್ಕೂ ಹೂಂ ಅಂತಾಳೆ. ಅಲ್ಲಿ ಹುಷಾರು. ಹೋದ ಮೇಲೆ ಪಾಲಿಸೋಕಾಗದ ಷರತ್ತು ಒಪ್ಕೊಂಡ್ರೆ ಎರಡನೇ ತಿಂಗಳಿಂದ ಸುಳ್ಳು ಹೇಳೋಕೆ ಶುರು ಮಾಡಬೇಕಾಗತ್ತೆ, ಇನ್ನೊಂದ್ಸಲ ಮುಚ್ಚಿಡೋದು ನಿಮ್ಮನೆಗೆ ಬೇಡ. ರಾತ್ರಿ ಊಟ ಆದ್ಮೇಲೆ ಒಂದು ಫೋನು, ಅದು ಅಪ್ಪನಿಗೇ ಮಾಡೋದು, ನಿಮಗಲ್ಲ. ಇಂಟರ್ನಲ್ಸ್ ಮಾರ್ಕ್ಸ್ ಏನೇ ಬಂದ್ರೂ ಬಂದ ದಿನವೇ ಹೇಳೋದು. ಊರು ಬಿಟ್ಟು ಎಲ್ಲಾದ್ರೂ ಹೋಗೋದಿದ್ರೆ ಮೊದಲೇ ಹೇಳೋದು. ನನ್ನ ಕೇಳಿದ್ರೆ ಇಷ್ಟು ಸಾಕು, ಇದನ್ನಾದ್ರೆ ಅವಳು ನಾಲ್ಕು ವರ್ಷ ನಡೆಸಬಲ್ಲಳು. ದುಡ್ಡಿಗೆ ತಿಂಗಳಿಗೆ ಇಷ್ಟು ಅಂತ ಅವಳ ಅಕೌಂಟಿಗೇ ಹಾಕಿ, ಕೇಳಿದಾಗೆಲ್ಲಾ ಫೋನ್‌ಪೇ ಮಾಡೋ ಅಭ್ಯಾಸ ಮಗನಿಗೆ ಮಾಡ್ಸಿದ್ರೆ ಅದನ್ನ ಇಲ್ಲಿಗೆ ತರಬೇಡಿ.

ಮಗಳಿಗೂ ಒಂದು ಮಾತು, ಇದನ್ನ ಅವಳಿಗೆ ಓದೋಕೆ ಕೊಡಿ. ನೋಡಮ್ಮಾ, 18 ಆಯ್ತು ಅಂದ್ರೆ ಕಾನೂನಿನ ಪ್ರಕಾರ ನೀನು ದೊಡ್ಡವಳೇ, ನಿನ್ನನ್ನ ಬಲವಂತವಾಗಿ ಮನೇಲಿ ಕೂರಿಸೋ ಹಕ್ಕು ಯಾರಿಗೂ ಇಲ್ಲ. ಆದ್ರೆ ಕಾನೂನು ಮೆಸ್ ಬಿಲ್ ಕಟ್ಟಲ್ಲ. ಅಪ್ಪನ ಜೊತೆ ಊಟಕ್ಕೆ ಕೂರದೇ ಇರೋದು ನಿನ್ನ ಕೋಪ ತೋರಿಸೋಕೆ ಇರೋ ಒಂದೇ ದಾರಿ ಅಂತ ಅನಿಸ್ತಿರಬಹುದು, ಅವರಿಗೆ ಮಾತ್ರ ಮಗಳು ಈಗಲೇ ಮನೆ ಬಿಟ್ಟು ಹೋಗಿಯಾಯ್ತು ಅಂತ ಕಾಣ್ತಿರತ್ತೆ. ಇವತ್ತು ಹೋಗಿ ಕೂತ್ಕೋ. ಮಾತಾಡದೇ ಇದ್ರೂ ಪರವಾಗಿಲ್ಲ. ನಾಳೆ ಆ ಚಾಯ್ಸ್ ಲೆಕ್ಕ, ಫೀಸ್ ಲೆಕ್ಕ, ಹಾಸ್ಟೆಲ್ ಲೆಕ್ಕ ಒಂದೇ ಹಾಳೇಲಿ ಬರ್ದು ಅವರ ಮುಂದಿಡು, "ನಿನಗೆ ಹೇಳದೇ ಮಾಡಿದ್ದಕ್ಕೆ ಸಾರಿ ಅಪ್ಪಾ" ಅಂತ ನೀನೂ ಅನ್ನು.

ಮೇಡಂ, ಮಗಳು ಜೊತೆಗೆ ಊಟಕ್ಕೆ ಕೂರದೇ ಇರೋದು, ಮಾತು ಬಿಟ್ಟಿರೋದು ಬರೀ ಸಿಟ್ಟು ಅಂತ ಎಷ್ಟು ದಿನ ಅನ್ಕೋತೀರಿ ಅನ್ನೋದೂ ಮುಖ್ಯ. ನಿದ್ದೆ ಮಾಡ್ತಿಲ್ಲ, ಫ್ರೆಂಡ್ಸ್ ಜೊತೇನೂ ಮಾತಿಲ್ಲ, ಬದುಕಿ ಏನು ಪ್ರಯೋಜನ ಅನ್ನೋ ಥರದ ಮಾತು ಒಂದ್ಸಲ ಬಂದ್ರೂ ಅದನ್ನ ಹೆದರಿಸೋಕೆ ಹೇಳ್ತಿದಾಳೆ ಅಂತ ಬಿಡಬೇಡಿ. ನೇರವಾಗಿ ಕೇಳಿ, ಒಬ್ಬಳನ್ನೇ ಬಿಡಬೇಡಿ, 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ್ದೇ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ. ಅಂಥ ಸಮಯದಲ್ಲಿ ಸೀಟು ಗೀಟು ಎಲ್ಲಾ ಆಮೇಲೆ.

ಇಷ್ಟೆಲ್ಲಾ ಮಾಡಿಯೂ ಅವರು ಇಲ್ಲ ಅಂದ್ರೆ? ಅನ್ನಬಹುದು. ಆಗ ನಿಮ್ಮ ಅಣ್ಣನೋ, ಅವರ ಹತ್ತಿರದ ಸ್ನೇಹಿತರೋ, ಅವರು ಮಾತು ಕೇಳೋ ಒಬ್ಬರನ್ನ ಕರೆಸಿ. ಒಬ್ಬರು ಸಾಕು, ಪಂಚಾಯ್ತಿ ಸೇರಿಸಬೇಡಿ, ನಾಲ್ಕು ಜನರ ಮುಂದೆ ಬೇಡ ಅಂದ ಮನುಷ್ಯ ಆಮೇಲೆ ಹೂಂ ಅನ್ನೋದು ಇನ್ನೂ ಕಷ್ಟ. ಅದೂ ಆಗ್ಲಿಲ್ಲ, ಡೇಟ್ ಮುಗೀತಾ ಬಂತು ಅಂದ್ರೆ ನನ್ನ ಅಭಿಪ್ರಾಯ ಇಷ್ಟು: ಸೀಟು ಬಿಡಬೇಡಿ. ಆ ಬಳೆ ಆಗ ಅಡ ಇಡಿ, ಆದ್ರೆ ಅವರ ಮುಂದೆ ನಿಂತು "ನಾಳೆ ಫೀಸ್ ಕಟ್ತಿದೀನಿ, ನಿಮಗೆ ಇಷ್ಟ ಇಲ್ಲ ಅಂತ ಗೊತ್ತು, ಆದ್ರೂ ಕಟ್ತಿದೀನಿ" ಅಂತ ಹೇಳಿ ಕಟ್ಟಿ. ಅದಕ್ಕೆ ಮನೇಲಿ ಕೆಲವು ತಿಂಗಳು ಬಿಸಿ ಇರತ್ತೆ, ಅದನ್ನ ತಡ್ಕೊಳ್ಳೋದು ನಿಮಗೇ ಬೀಳತ್ತೆ, ಆಗತ್ತಾ ಅಂತ ನೀವೇ ಯೋಚನೆ ಮಾಡಿ. ಇನ್ನು ಅವರು ಕೈ ಮಾಡೋರು, ಮಗಳನ್ನ ಕೂಡಿಹಾಕೋರು ಅಂತಾದ್ರೆ ನಾನು ಇಲ್ಲೀವರೆಗೆ ಹೇಳಿದ ದಾರಿ ನಿಮಗಲ್ಲ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ಹಾಂ, ಎಸ್ಎಸ್ಎಲ್‌ಸಿ ಪಿಯುಸಿ ಒರಿಜಿನಲ್ ಮಾರ್ಕ್ಸ್‌ಕಾರ್ಡ್, ಟಿಸಿ, ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಇಲ್ಲಾ ಕನ್ನಡ ಮಾಧ್ಯಮ ಕೋಟಾ ಕ್ಲೈಮ್ ಮಾಡಿದ್ರೆ ಅದರ ಸರ್ಟಿಫಿಕೇಟು, ಇವೆಲ್ಲಾ ಈಗ ಮನೇಲಿ ಯಾರ ಹತ್ರ ಇವೆ ಅಂತ ಇವತ್ತೇ ನೋಡ್ಕೊಳ್ಳಿ, ಎರಡು ಮೂರು ಸೆಟ್ ಜೆರಾಕ್ಸ್ ಮಾಡ್ಸಿಡಿ. ಟಿಸಿ ಇನ್ನೂ ಕಾಲೇಜಲ್ಲೇ ಇದ್ರೆ ನಾಳೆ ಬೆಳಗ್ಗೆ ಮಗಳನ್ನ ಕಳಿಸಿ ತರಿಸ್ಕೊಳ್ಳಿ, ಭಾನುವಾರ ಬಂದ್ರೆ ಒಂದು ದಿನ ಹಾಗೇ ಹೋಗತ್ತೆ.